ಇಂಟರ್ನಲ್ ಅಂಕಕ್ಕೆ ಬೋರ್ಡ್ ಮುಂದೆ ಐದು ನಿಮಿಷ

ಮಂಡ್ಯದಲ್ಲಿ ಬಿ.ಎಸ್ಸಿ. ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ‘ರೋಲ್ ಪ್ರಮೇಯವನ್ನು ನಿರೂಪಿಸಿ, ಸಾಧಿಸಿ’ ಅಂತ ಪ್ರಶ್ನೆ ಕೊಟ್ಟರೆ ಅರ್ಧ ಕ್ಲಾಸು ಪುಟ ತುಂಬ ಬರೆಯುತ್ತದೆ. (ಎಲ್ಲೂ ಕಡಿಯದ, ಮೂಲೆಯಿಲ್ಲದ ನುಣುಪು ಗೆರೆ ಎರಡು ತುದಿಯಲ್ಲೂ ಒಂದೇ ಎತ್ತರದಲ್ಲಿದ್ದರೆ, ನಡುವೆ ಎಲ್ಲೋ ಅದರ ಇಳಿಜಾರು ಸೊನ್ನೆ ಅನ್ನುವುದೇ ಆ ಪ್ರಮೇಯ.) ಕಾಮಾ ಕೂಡ ಗೈಡಿನದೇ. ಬರೆದದ್ದು ಸರಿಯಾಗೇ ಇರುತ್ತಲ್ವಾ, ಅಂಕ ಕೊಡದೆ ವಿಧಿಯಿಲ್ಲ.

2021-22ರಲ್ಲಿ ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಬಂದಾಗ ಥಿಯರಿಗೆ ಸೆಮಿಸ್ಟರ್ ಪರೀಕ್ಷೆ 60, ಇಂಟರ್ನಲ್ 40 ಅಂತಾಯಿತು. ಇಂಟರ್ನಲ್ ಅಂದರೆ ಟೆಸ್ಟು, ಅಸೈನ್‌ಮೆಂಟು. ಒಬ್ಬರು ಬರೆದ ಅಸೈನ್‌ಮೆಂಟ್ ಹಾಸ್ಟೆಲ್ ಪೂರ್ತಿ ಸುತ್ತುತ್ತದೆ. ಅದರ ಜಾಗಕ್ಕೆ ನಾನು ಮೌಖಿಕ ಪರೀಕ್ಷೆ ತಂದೆ.

ಚೀಟಿ ಎತ್ತಬೇಕು, ಅದರಲ್ಲೊಂದು ಪ್ರಮೇಯ. ಅರ್ಧ ಹಾಳೆಯಲ್ಲಿ ಯೋಚಿಸಿ ಬರೆದುಕೊಂಡು ಬೋರ್ಡಿಗೆ ಬರಬೇಕು. ನಾನು ಸಾಧನೆ ಕೇಳುವುದಿಲ್ಲ. ಪ್ರಮೇಯದ ಒಂದು ಷರತ್ತು ತೆಗೆದುಬಿಡುತ್ತೇನೆ. ರೋಲ್ ಬಂದರೆ ಹೀಗೆ: ‘ಫಂಕ್ಷನ್ −1ರಿಂದ 1ರವರೆಗೆ ಕಂಟಿನ್ಯೂಯಸ್, ಎರಡು ತುದಿಯಲ್ಲೂ ಒಂದೇ ಬೆಲೆ. ಡಿಫರೆನ್ಷಿಯಬಲ್ ಅನ್ನೋದು ಬೇಡ. ಎಲ್ಲಾದರೂ ಡಿರೈವೇಟಿವ್, ಅಂದರೆ ಇಳಿಜಾರು, ಸೊನ್ನೆ ಆಗಲೇಬೇಕಾ?’ ಗೈಡ್ ಓದಿದವರು ಇಲ್ಲೇ ನಿಂತುಬಿಡುತ್ತಾರೆ. ಚಿತ್ರ ಬರೆದು ನೋಡುವವರು ಮಾಡ್ಯುಲಸ್ ಎಕ್ಸ್‌ಗೆ (|x|, ಮೈನಸ್ ಚಿಹ್ನೆ ಬಿಟ್ಟ ಬೆಲೆ) ಬರುತ್ತಾರೆ. ಎಡಕ್ಕೆ ಇಳಿಜಾರು −1, ಬಲಕ್ಕೆ 1, ನಡುವೆ ಚೂಪು ಮೂಲೆ. ಅಲ್ಲಿ ಡಿರೈವೇಟಿವ್ವೇ ಇಲ್ಲ.

ಗ್ರೂಪ್ ಥಿಯರಿಯಲ್ಲಿ ಇನ್ನೂ ಮಜಾ. ಆರ್ಡರ್ 12 ಇರುವ, ಅಂದರೆ 12 ಅಂಶಗಳ ಗ್ರೂಪಿಗೆ ಆರ್ಡರ್ 5ರ ಸಬ್‌ಗ್ರೂಪ್ (ಅದರೊಳಗಿನ ಚಿಕ್ಕ ಗ್ರೂಪ್) ಇರುತ್ತಾ? ‘ಇಲ್ಲ ಸಾರ್, ಲಗ್ರಾಂಜ್.’ ಸಬ್‌ಗ್ರೂಪಿನ ಆರ್ಡರ್ ಗ್ರೂಪಿನ ಆರ್ಡರನ್ನು ಭಾಗಿಸಲೇಬೇಕು ಅನ್ನೋ ಪ್ರಮೇಯ ಅದು. 6ರದು ಇದ್ದೇ ಇರುತ್ತಾ? ‘ಇರುತ್ತೆ ಸಾರ್, 6 ಭಾಗಿಸುತ್ತಲ್ಲ.’ ಎ ಫೋರ್ (A₄, ನಾಲ್ಕು ವಸ್ತುಗಳ ಸಮ ಅದಲುಬದಲುಗಳ ಗ್ರೂಪ್) ತೆಗೆದುಕೊಂಡು ಹುಡುಕು ಅಂತೀನಿ. ಅದರ ಆರ್ಡರ್ 12, ಆದರೆ 6ರ ಸಬ್‌ಗ್ರೂಪ್ ಇಲ್ಲ.

ಉತ್ತರವನ್ನು ಕನ್ನಡದಲ್ಲೇ ಹೇಳಬಹುದು. ಇಂಗ್ಲಿಷಿಗೆ ಹೆದರಿ ಸುಮ್ನೆ ಕೂರುತ್ತಿದ್ದವರು ಹೀಗೆ ಜಾಸ್ತಿ ಮಾತಾಡಿದರು. ನಾಚಿಕೆಯ ಮಕ್ಕಳಿಗೆ ಅನ್ಯಾಯ ಅಂತ ಸಹೋದ್ಯೋಗಿಯೊಬ್ಬರು ತಕರಾರು ತೆಗೆದರು. ಅವರ ಮಾತಲ್ಲಿ ಹುರುಳಿದೆ. ಅದಕ್ಕೇ ಅರ್ಧ ಹಾಳೆಯಲ್ಲಿ ಬರೆದದ್ದಕ್ಕೂ ಅಂಕ ಇಟ್ಟೆ. ಯಾರಾದರೂ ಅಂಕ ಪ್ರಶ್ನಿಸಿದರೆ ತೋರಿಸಲು ಕೈಯಲ್ಲಿ ಕಾಗದವೂ ಇರುತ್ತದೆ.

ಸಮಯದ್ದೇ ಕಷ್ಟ. ಮಳವಳ್ಳಿ, ನಾಗಮಂಗಲದ ಮಕ್ಕಳಿಗೆ ಸಂಜೆ ಬಸ್ಸು ತಪ್ಪಬಾರದು. ಪ್ರಾಕ್ಟಿಕಲ್ ಅವಧಿಯಲ್ಲಿ ಒಂದು ಬ್ಯಾಚ್ ಸೈಲ್ಯಾಬ್ ಅನ್ನೋ ಗಣಿತದ ಸಾಫ್ಟ್‌ವೇರ್‌ನಲ್ಲಿ ಪ್ರೋಗ್ರಾಂ ಮಾಡುವಾಗ ಒಬ್ಬೊಬ್ಬರನ್ನೇ ಕರೆಯುತ್ತೇನೆ. ಉದ್ದದ ಲೆಕ್ಕಗಳಿಗೆ ಇದು ಆಗದು, ಇಂಟಿಗ್ರೇಷನ್‌ಗೆ ಈಗಲೂ ಬರೆಯುವ ಟೆಸ್ಟೇ.