ಸುಂಕದ ಗೋಡೆಯೊಳಗೆ ಬರುವ ಬಂಡವಾಳ: ನಾನು ಲೆಕ್ಕ ಹಾಕುವ ಬಗೆ

ವಿದೇಶಿ ಕಂಪನಿ ಕಾರ್ಖಾನೆ ಹಾಕಲು ಬರುತ್ತದೆ ಎಂದರೆ ಪ್ರಸ್ತಾವದ ಮೊದಲ ಪುಟದಲ್ಲಿ ಮೂರು ಅಂಕಿ ಇದ್ದೇ ಇರುತ್ತವೆ: ಹೂಡಿಕೆ ಎಷ್ಟು, ಉದ್ಯೋಗ ಎಷ್ಟು, ಆಮದಿನಲ್ಲಿ ಉಳಿತಾಯ ಎಷ್ಟು. ಇಂಥ ಪ್ರಸ್ತಾವಗಳಿಂದ ದೇಶಕ್ಕೆ ಆಗುವ ಲಾಭ-ನಷ್ಟ ತೂಗಿ ವರದಿ ಬರೆಯುವುದು ನನ್ನ ಕೆಲಸ. ಆ ಪುಟವನ್ನು ಪಕ್ಕಕ್ಕಿಟ್ಟು ನಾನು ಮೊದಲು ನೋಡುವುದು ಸುಂಕದ ಪಟ್ಟಿಯನ್ನು. ಸಿದ್ಧ ಸರಕಿನ ಮೇಲೆ ಆಮದು ಸುಂಕ ಎಷ್ಟು, ಅದರ ಬಿಡಿಭಾಗಗಳ ಮೇಲೆ ಎಷ್ಟು? ಇವೆರಡರ ನಡುವೆ ಅಂತರ ದೊಡ್ಡದಿದ್ದರೆ ಕಂಪನಿ ಏಕೆ ಬರುತ್ತಿದೆ ಎಂಬುದು ಅಲ್ಲೇ ಗೊತ್ತಾಗುತ್ತದೆ.

ಆಮೇಲೆ ಪ್ರತಿಯೊಂದು ಬಾಬತ್ತನ್ನೂ ಎರಡು ಸಲ ಬರೆಯುತ್ತೇನೆ, ಒಮ್ಮೆ ದೇಶದೊಳಗಿನ ಬೆಲೆಯಲ್ಲಿ, ಇನ್ನೊಮ್ಮೆ ವಿಶ್ವ ಮಾರುಕಟ್ಟೆಯ ಬೆಲೆಯಲ್ಲಿ. ಒಂದು ಸರಳ ಉದಾಹರಣೆ ಕೊಡುತ್ತೇನೆ. ಸರಕಿನ ವಿಶ್ವ ಬೆಲೆ 100, ಸುಂಕ 30, ಹಾಗಾಗಿ ಒಳಗಿನ ಬೆಲೆ 130. ಕಂಪನಿ 80ರ ಬಿಡಿಭಾಗಗಳನ್ನು ಸುಂಕವಿಲ್ಲದೆ ತರಿಸಿ ಇಲ್ಲೇ ಜೋಡಿಸುತ್ತದೆ. ಕೂಲಿಗೆ 15, ವಿದ್ಯುತ್ತು, ಬಾಡಿಗೆ ಇತ್ಯಾದಿಗೆ 5 ಖರ್ಚಾಗುತ್ತದೆ. ಉಳಿಯುವ ಲಾಭ 30. ಶೇ. 25 ತೆರಿಗೆ ಕಟ್ಟಿದ ಮೇಲೆ 22.5 ಹೊರದೇಶಕ್ಕೆ ಹೋಗುತ್ತದೆ.

ಈಗ ವಿದೇಶಿ ವಿನಿಮಯವನ್ನಷ್ಟೇ ಕೂಡಿಸಿ ನೋಡಿ: ಬಿಡಿಭಾಗಕ್ಕೆ 80, ಲಾಭಾಂಶಕ್ಕೆ 22.5, ಒಟ್ಟು 102.5. ಸಿದ್ಧ ಸರಕನ್ನೇ ತರಿಸಿದ್ದರೆ 100 ಸಾಕಿತ್ತು. ‘ಆಮದು ಉಳಿತಾಯ’ ಎಂದು ಬರೆದಿದ್ದ ಕಡೆ ಡಾಲರು ಹೆಚ್ಚೇ ಹೊರಗೆ ಹೋಗಿದೆ, ಮೇಲಾಗಿ ದೇಶದ ದುಡಿಮೆ, ವಿದ್ಯುತ್ತು ಎಲ್ಲ ಸೇರಿ 20ರಷ್ಟು ಬಳಕೆಯಾಗಿದೆ. ಗ್ರಾಹಕರು ಆಗಲೂ 130 ಕೊಡುತ್ತಿದ್ದರು, ಈಗಲೂ ಅಷ್ಟೇ ಕೊಡುತ್ತಾರೆ. ಅದರಲ್ಲಿ ಬೊಕ್ಕಸಕ್ಕೆ ಹೋಗುತ್ತಿದ್ದ 30 ಈಗ ಕಂಪನಿಯ ಲಾಭವಾಗಿದೆ, ತೆರಿಗೆಯಾಗಿ ಮರಳುವುದು ಬರೀ 7.5. ತೆರಿಗೆ ರಜೆಯನ್ನೂ, ಅಂದರೆ ಕೆಲವು ವರ್ಷ ತೆರಿಗೆ ಕಟ್ಟಬೇಕಿಲ್ಲ ಎಂಬ ವಿನಾಯಿತಿಯನ್ನೂ ಕೊಟ್ಟರೆ ಅದೂ ಇಲ್ಲ.

ಇದೇನೂ ಹೊಸ ಮಾತಲ್ಲ. ಸುಂಕದ ರಕ್ಷಣೆಯಿರುವ ವಲಯಕ್ಕೆ ವಿದೇಶಿ ಬಂಡವಾಳ ಹರಿದು ಬಂದರೆ ದೇಶದ ನಿಜ ಆದಾಯ ಕುಗ್ಗಬಹುದು ಎಂದು ಅರ್ಥಶಾಸ್ತ್ರಜ್ಞರಾದ ಬ್ರೆಕರ್ ಮತ್ತು ಡಿಯಾಜ್ ಅಲೆಹಾಂಡ್ರೋ 1977ರಲ್ಲೇ ತೋರಿಸಿದ್ದರು. ಅಷ್ಟು ವರ್ಷ ಕಳೆದರೂ ಹೂಡಿಕೆಯ ಘೋಷಣೆಗಳಲ್ಲಿ ಈ ಲೆಕ್ಕ ಕಾಣುವುದಿಲ್ಲ ಎನ್ನುವುದು ನನಗೆ ನಿಜಕ್ಕೂ ಬೇಸರದ ವಿಷಯ. ವಿಶ್ವ ಬೆಲೆಗೂ ಒಳಗಿನ ಬೆಲೆಗೂ ಇರುವ ವ್ಯತ್ಯಾಸವನ್ನು ತುಂಬುವವರು ಆ ಸರಕು ಕೊಳ್ಳುವ ಸಾಮಾನ್ಯ ಜನ.

ಸುಂಕ ಬಂದಾಗ ಕಾರ್ಖಾನೆಗಳು ಹೇಗೆ ಜಾಗ ಬದಲಿಸುತ್ತವೆ ಎಂದು ಹೊಸಬರಿಗೆ ವಿವರಿಸುವಾಗ ನಾನು ಅಮೆರಿಕದ ವಾಷಿಂಗ್ ಮಷಿನ್ ಪ್ರಕರಣವನ್ನು ಮುಂದಿಡುತ್ತೇನೆ. ಮೊದಲು ದಕ್ಷಿಣ ಕೊರಿಯಾ ಮತ್ತು ಮೆಕ್ಸಿಕೋದಿಂದ ಬರುವ ಯಂತ್ರಗಳ ಮೇಲೆ ಸುರಿ-ವಿರೋಧಿ ಸುಂಕ (ತೀರಾ ಕಡಿಮೆ ಬೆಲೆಗೆ ಸರಕು ತಂದು ಸುರಿಯುವುದನ್ನು ತಡೆಯುವ ಆಂಟಿ-ಡಂಪಿಂಗ್ ಸುಂಕ) ಬಿತ್ತು, ತಯಾರಿಕೆ ಚೀನಾಕ್ಕೆ ಹೋಯಿತು. ಚೀನಾ ಮೇಲೂ ಬಿದ್ದಾಗ ಥಾಯ್ಲೆಂಡ್, ವಿಯೆಟ್ನಾಂಗೆ ಸರಿಯಿತು. 2018ರಲ್ಲಿ ಬಹುತೇಕ ಎಲ್ಲ ದೇಶಗಳಿಗೂ ಅನ್ವಯಿಸುವ ಸುಂಕ ಜಾರಿಯಾಯಿತು. ಆ ಹೊತ್ತಿಗೆ ಸ್ಯಾಮ್‌ಸಂಗ್ ದಕ್ಷಿಣ ಕೆರೊಲಿನಾದಲ್ಲಿ, ಎಲ್‌ಜಿ ಟೆನೆಸಿಯಲ್ಲಿ ತಯಾರಿಕೆಯ ದಾರಿ ಹಿಡಿದಿದ್ದವು. ಮೂವರು ಅರ್ಥಶಾಸ್ತ್ರಜ್ಞರು 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ವಾಷಿಂಗ್ ಮಷಿನ್ ಬೆಲೆ ಸುಮಾರು ಶೇ. 12 ಏರಿತು. ಸುಂಕವೇ ಇಲ್ಲದ, ಬಟ್ಟೆ ಒಣಗಿಸುವ ಡ್ರೈಯರ್ ಬೆಲೆಯೂ ಹೆಚ್ಚುಕಡಿಮೆ ಅಷ್ಟೇ ಏರಿತು, ಏಕೆಂದರೆ ಜನ ಇವನ್ನು ಜೋಡಿಯಾಗಿ ಕೊಳ್ಳುತ್ತಾರೆ. ಹುಟ್ಟಿದ ಉದ್ಯೋಗ ಸುಮಾರು 1,800. ಸುಂಕದ ಆದಾಯ ಕಳೆದು ನೋಡಿದರೆ ಒಂದೊಂದು ಉದ್ಯೋಗಕ್ಕೂ ಗ್ರಾಹಕರು ತೆತ್ತದ್ದು ವರ್ಷಕ್ಕೆ ಸುಮಾರು 8 ಲಕ್ಷ ಡಾಲರ್.

ಹಾಗೆಂದು ನಾನು ವಿದೇಶಿ ಹೂಡಿಕೆಯ ವಿರೋಧಿಯಲ್ಲ. ಸರಕಿನ ಒಂದು ಪಾಲನ್ನು ರಫ್ತು ಮಾಡುವ ಕಂಪನಿ ಆ ಪಾಲನ್ನು ವಿಶ್ವ ಬೆಲೆಗೇ ಮಾರಬೇಕಾಗುತ್ತದೆ. ಆ ಪಾಲಿನ ಲಾಭ ಸುಂಕದ ಕೃಪೆಯಿಂದ ಬಂದದ್ದಲ್ಲ. ಸ್ಥಳೀಯ ಬಿಡಿಭಾಗ ತಯಾರಕರು ಅದರಿಂದ ಏನನ್ನು ಕಲಿಯುತ್ತಾರೆ ಎಂಬುದೂ ನಿಜವಾದ ಲಾಭವೇ. ರಾಯಧನದ (ತಂತ್ರಜ್ಞಾನ, ಹೆಸರಿನ ಬಳಕೆಗೆ ಮೂಲ ಕಂಪನಿಗೆ ಕಟ್ಟುವ ರಾಯಲ್ಟಿಯ) ಕರಾರನ್ನು ಮಾತ್ರ ಸಾಲುಸಾಲಾಗಿ ಓದುತ್ತೇನೆ, ಲಾಭಾಂಶದ ಹೆಸರಲ್ಲಿ ಹೋಗದ ಹಣ ಅಲ್ಲಿಂದ ಹೋಗುತ್ತದೆ.

ಉದ್ಯೋಗಕ್ಕೂ ಸಲ್ಲಬೇಕಾದ ಬೆಲೆ ಕೊಡಬೇಕು. ಇಲ್ಲಿಗೆ ಬರುವ ಕೆಲಸಗಾರರು ಬೇರೆ ಕಡೆ 7.5ರಷ್ಟೇ ದುಡಿಯುತ್ತಿದ್ದರೆ, ದೇಶ ಕಳೆದುಕೊಳ್ಳುವುದು ಆ ದುಡಿಮೆಯನ್ನಷ್ಟೇ, ಹಾಗಾಗಿ ದೇಶದ ಮಟ್ಟಿಗೆ ಅವರ ಕೂಲಿಯ ವೆಚ್ಚ 15 ಅಲ್ಲ, 7.5. ಆಗ ಲೆಕ್ಕ ಹೀಗಾಗುತ್ತದೆ: 80, 7.5, 5, ಜೊತೆಗೆ ಹೊರಹೋಗುವ ಲಾಭ. ಸುಂಕ 10ಕ್ಕೆ ಇಳಿದರೆ ತೆರಿಗೆ ಕಳೆದ ಆ ಲಾಭ 7.5, ಮೊತ್ತ ಸರಿಯಾಗಿ 100, ಸಿದ್ಧ ಸರಕು ತರಿಸಲು ಆಗುವಷ್ಟೇ. ಅಂದರೆ ಈ ಯೋಜನೆ ತಡೆದುಕೊಳ್ಳಬಹುದಾದ ಗರಿಷ್ಠ ಸುಂಕ 10.

ಮಾತುಕತೆಗೆ ಕೂತಾಗ ಕಂಪನಿಯ ಮುಂದೆ ನಾನು ಇಡಿಸುವ ಪ್ರಶ್ನೆಯೂ ಇದೇ: ಸುಂಕ 30ರಿಂದ 10ಕ್ಕೆ ಹಂತಹಂತವಾಗಿ ಇಳಿಯುತ್ತದೆ, ಆಗಲೂ ಬರುತ್ತೀರಾ? ಬರುತ್ತೇವೆ ಎಂದವರಿಗೆ ಒಪ್ಪಿಗೆ ಕೊಡಿ ಎಂದೇ ಬರೆಯುತ್ತೇನೆ, ಇಳಿಕೆಯ ವೇಳಾಪಟ್ಟಿ ಅಧಿಸೂಚನೆಯಲ್ಲೇ ಇರಬೇಕು ಎಂಬ ಷರತ್ತಿನೊಂದಿಗೆ. ಇಲ್ಲ ಎಂದವರ ಪ್ರಸ್ತಾವದ ಮೇಲೆ ಎರಡೂ ಬೆಲೆಗಳ ಪಟ್ಟಿ ಲಗತ್ತಿಸಿ, ಬೇಡ ಎಂದು ಶಿಫಾರಸು ಮಾಡುತ್ತೇನೆ.