ಕೋಡ್ ರಿವ್ಯೂ ಯಾಕೆ ತಡವಾಗುತ್ತದೆ? ಜನರನ್ನೇ ಕೇಳಿ ನೋಡಿದೆ

ನಾವು ಬರೆದ ಕೋಡ್ ಬದಲಾವಣೆಯನ್ನು ಸಹೋದ್ಯೋಗಿಗಳು ಓದಿ ಅಭಿಪ್ರಾಯ ಹೇಳುವುದೇ ಕೋಡ್ ರಿವ್ಯೂ. ಅದಕ್ಕಾಗಿ ಕಳಿಸುವ ಕೋರಿಕೆಗೆ ಪುಲ್ ರಿಕ್ವೆಸ್ಟ್ ಅನ್ನುತ್ತಾರೆ. ಅದನ್ನು ಕಳಿಸಿ ದಿನಗಟ್ಟಲೆ ಕಾಯುವ ಸಂಕಟ ಸಾಫ್ಟ್‌ವೇರ್ ಕೆಲಸದವರಿಗೆಲ್ಲ ಗೊತ್ತು. ಅದು ಯಾಕೆ ಹಾಗಾಗುತ್ತದೆ ಅನ್ನುವುದನ್ನೇ ನಾನು ಅಧ್ಯಯನಕ್ಕೆ ಎತ್ತಿಕೊಂಡೆ. ಡೇಟಾಗೇನೂ ಬರ ಇರಲಿಲ್ಲ. ಯಾರು ಯಾವಾಗ ಕಳಿಸಿದರು, ಎಷ್ಟು ಸಾಲು ಬದಲಾಯಿತು, ಮೊದಲ ಕಾಮೆಂಟ್ ಯಾವಾಗ ಬಂತು, ಎಲ್ಲವೂ ರಿವ್ಯೂ ಟೂಲ್‌ನಲ್ಲಿ ನಿಮಿಷದ ಲೆಕ್ಕಕ್ಕೆ ಸಿಗುತ್ತದೆ. ಗ್ರಾಫ್ ಹಾಕಿ ನೋಡಿದೆ. ಬದಲಾವಣೆ ದೊಡ್ಡದಾದಷ್ಟೂ ಹೊತ್ತು ಜಾಸ್ತಿ. ಅದು ಮೊದಲೇ ಗೊತ್ತಿದ್ದ ವಿಷಯ ಅಲ್ವಾ? ಆದರೆ ಹತ್ತಿಪ್ಪತ್ತು ಸಾಲಿನ ಪುಟ್ಟ ಬದಲಾವಣೆಗಳೂ ಕೆಲವು ವಾರಗಟ್ಟಲೆ ಸುಮ್ನೆ ಬಿದ್ದಿದ್ದವು. ಅವು ಯಾಕೆ ಬಿದ್ದಿದ್ದವು ಅನ್ನುವುದಕ್ಕೆ ಯಾವ ಗ್ರಾಫ್‌ನಲ್ಲೂ ಉತ್ತರ ಸಿಗಲಿಲ್ಲ.

ಆಗ ನಾನು ಸಮಾಜ ವಿಜ್ಞಾನದವರ ದಾರಿ ಹಿಡಿದೆ, ಜನರನ್ನೇ ಸಂದರ್ಶನ ಮಾಡಲು ಹೊರಟೆ. ನಮ್ಮ ಕ್ಷೇತ್ರಕ್ಕೆ ಇದೇನೂ ಪರಕೀಯವಲ್ಲ. 'ಸಾಫ್ಟ್‌ವೇರ್ ಎಂಜಿನಿಯರಿಂಗ್' ಅನ್ನುವ ಹೆಸರಿನಲ್ಲೇ ಜರ್ಮನಿಯ ಗಾರ್ಮಿಶ್‌ನಲ್ಲಿ ಸಮ್ಮೇಳನ ನಡೆದದ್ದು 1968ರಲ್ಲಿ. ಒಂದು ಸಂಸ್ಥೆಯೊಳಗೆ ಜನ ಹೇಗೆ ಮಾತಾಡಿಕೊಳ್ಳುತ್ತಾರೋ ಆ ಸಂಸ್ಥೆ ಕಟ್ಟುವ ಸಿಸ್ಟಮ್‌ಗೂ ಅದೇ ರೂಪ ಬರುತ್ತದೆ ಅಂತ ಕಂಪ್ಯೂಟರ್ ವಿಜ್ಞಾನಿ ಮೆಲ್ವಿನ್ ಕಾನ್ವೇ ಬರೆದದ್ದೂ ಅದೇ ವರ್ಷ. ಕೋಡ್ ಹಿಂದೆ ಜನ ಇದ್ದಾರೆ ಅನ್ನುವ ಅರಿವು ನಮ್ಮಲ್ಲಿ ಮೊದಲಿನಿಂದಲೂ ಇತ್ತು. ಜನರನ್ನು ಅಧ್ಯಯನ ಮಾಡುವ ಪಟ್ಟುಗಳನ್ನು ಕಲಿಯಲು ಮಾತ್ರ ತಡವಾಯಿತು ಅನ್ನೋದು ನನ್ನ ಅಭಿಪ್ರಾಯ.

ನಾನು ಆರಿಸಿಕೊಂಡದ್ದು ಗ್ರೌಂಡೆಡ್ ಥಿಯರಿ. ಸಮಾಜಶಾಸ್ತ್ರಜ್ಞರಾದ ಬಾರ್ನಿ ಗ್ಲೇಸರ್ ಮತ್ತು ಆನ್ಸೆಲ್ಮ್ ಸ್ಟ್ರಾಸ್ 1967ರಲ್ಲಿ ವಿವರಿಸಿದ ವಿಧಾನ ಇದು. ಸಿದ್ಧಾಂತವನ್ನು ಮೊದಲೇ ಇಟ್ಟುಕೊಂಡು ಅದನ್ನು ಪರೀಕ್ಷಿಸುವ ಬದಲು, ಜನರ ಮಾತಿನಿಂದಲೇ ಅದನ್ನು ಕಟ್ಟುತ್ತಾ ಹೋಗುವುದು. ಅವರಿಬ್ಬರೂ ಇದನ್ನು ರೂಪಿಸಿದ್ದು ಆಸ್ಪತ್ರೆಗಳಲ್ಲಿ, ಸಾವಿನ ಅಂಚಿನಲ್ಲಿದ್ದ ರೋಗಿಗಳ ಸುತ್ತ ನಡೆಯುವ ಮಾತುಕತೆಯನ್ನು ನೋಡುತ್ತಾ. ಯಾರಿಗೆ ವಿಷಯ ಗೊತ್ತಿದೆ, ಯಾರು ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ಇರುತ್ತಾರೆ ಅನ್ನುವುದು ಅಲ್ಲಿನ ಮುಖ್ಯ ಎಳೆ. ಆ ಎಳೆ ನನ್ನ ಕೆಲಸದಲ್ಲೂ ಎದುರಾಗುತ್ತದೆ ಅಂತ ಆಗ ಅಂದುಕೊಂಡಿರಲಿಲ್ಲ.

ಸಂದರ್ಶನದಲ್ಲಿ ಎಲ್ಲಕ್ಕಿಂತ ಮುಖ್ಯ ಪ್ರಶ್ನೆಯ ರೂಪ. "ನೀವು ಸಾಮಾನ್ಯವಾಗಿ ಹೇಗೆ ರಿವ್ಯೂ ಮಾಡುತ್ತೀರಿ?" ಅಂತ ಕೇಳಿದರೆ ಹೇಗೆ ಮಾಡಬೇಕೋ ಅದನ್ನು ಹೇಳುತ್ತಾರೆ. ಅದು ಸುಳ್ಳಲ್ಲ, ಆದರೆ ನಡೆದದ್ದೂ ಅಲ್ಲ. ಮನೋವಿಜ್ಞಾನಿ ಜಾನ್ ಫ್ಲನಗನ್ 1954ರಲ್ಲಿ ಬರೆದ ಉಪಾಯವೊಂದಿದೆ, ಎರಡನೇ ಮಹಾಯುದ್ಧದ ಕಾಲದಲ್ಲಿ ಪೈಲಟ್‌ಗಳ ಜೊತೆ ಮಾಡಿದ ಕೆಲಸದಿಂದ ಹುಟ್ಟಿದ್ದು: ನಿಜವಾಗಿ ನಡೆದ ಒಂದು ಘಟನೆಯನ್ನು ಹಿಡಿದು ಕೇಳು. ನಾನು ಅದನ್ನೇ ಮಾಡಿದೆ. ರಿವ್ಯೂ ಟೂಲ್‌ನ ದಾಖಲೆಯಿಂದ, ಅಂದರೆ ಲಾಗ್‌ನಿಂದ, ಒಂದು ಪುಲ್ ರಿಕ್ವೆಸ್ಟ್ ಆರಿಸಿ, ಅವರ ಎದುರಿಗೇ ಸ್ಕ್ರೀನ್‌ನಲ್ಲಿ ತೆರೆದು, "ಇದು ನಿಮ್ಮ ಹತ್ತಿರ ಬಂದಾಗ ಏನಾಯಿತು?" ಅಂತ ಕೇಳುತ್ತಿದ್ದೆ. ಲಾಗ್‌ಗೂ ಸಂದರ್ಶನಕ್ಕೂ ಬೆಸುಗೆ ಬೀಳುವುದು ಇಲ್ಲೇ.

ಒಂದು ತುಣುಕು ಕೊಡುತ್ತೇನೆ, ಗುರುತು ಸಿಗದ ಹಾಗೆ ವಿವರ ಬದಲಾಯಿಸಿ. ಲಾಗ್ ಪ್ರಕಾರ ಆ ಬದಲಾವಣೆಯನ್ನು ಒಂದು ವಾರ ಯಾರೂ ಮುಟ್ಟಿರಲಿಲ್ಲ. ಅದನ್ನು ರಿವ್ಯೂ ಮಾಡಬೇಕಿದ್ದವರಿಗೆ ತೋರಿಸಿದೆ.

"ಇದಾ? ಬಂದ ದಿನವೇ ಓದಿದ್ದೆ."

"ಹೌದಾ? ಇಲ್ಲಿ ಏನೂ ಕಾಣಿಸ್ತಿಲ್ವಲ್ಲ."

"ಬರೆಯಲಿಲ್ಲ."

ನಾನು ಮುಂದಿನ ಪ್ರಶ್ನೆಗೆ ಹೋಗಲಿಲ್ಲ. ಕಾದೆ. ಸಂದರ್ಶನ ಮಾಡುವವರು ಮಾತು ನಿಂತ ಕೂಡಲೇ ಆ ಜಾಗವನ್ನು ತಾವೇ ತುಂಬಬಾರದು.

"ಕೋಡ್ ಸರಿಯಾಗೇ ಇತ್ತು. ಡಿಸೈನೇ ನನಗೆ ಒಪ್ಪಿಗೆ ಆಗಲಿಲ್ಲ. ಅವರು ನನಗಿಂತ ತುಂಬಾ ಸೀನಿಯರ್. ಬರೆದರೆ ಎಲ್ಲರಿಗೂ ಕಾಣುತ್ತಲ್ವಾ? ಅವರೇ ಬಂದು ಕೇಳಿದರೆ ಹೇಳೋಣ ಅಂತ ಇದ್ದೆ."

ಲಾಗ್‌ನಲ್ಲಿ ಖಾಲಿ ವಾರ. ನಿಜದಲ್ಲಿ ಓದು ಮುಗಿದಿದೆ, ಅಭಿಪ್ರಾಯ ಗಟ್ಟಿಯಾಗಿದೆ, ಬಾಯಿ ಬಿಡುವುದೊಂದೇ ಬಾಕಿ.

ಸಂದರ್ಶನ ಮುಗಿದ ಮೇಲೆ ಅದನ್ನು ಅಕ್ಷರಕ್ಕೆ ಇಳಿಸಿ, ಸಾಲು ಸಾಲಿಗೆ ಚಿಕ್ಕ ಲೇಬಲ್ ಹಚ್ಚುವುದು ಮುಂದಿನ ಹೆಜ್ಜೆ. ಮೇಲಿನ ತುಣುಕಿಗೆ 'ಸಂವಹನ ಸಮಸ್ಯೆ' ಅಂತ ಹಚ್ಚಿ ಮುಂದೆ ಹೋಗಬಹುದು. ಅಂಥ ಲೇಬಲ್‌ನಿಂದ ಏನೂ ಕಲಿಯಲು ಆಗುವುದಿಲ್ಲ, ಅದರೊಳಗೆ ಲೋಕವೇ ಹಿಡಿಸುತ್ತದೆ. ನಾನು ಬರೆದದ್ದು 'ಓದಿಯೂ ಬರೆಯದಿರುವುದು', 'ಎಲ್ಲರೆದುರು ಬೇಡ ಅನ್ನಿಸುವುದು', 'ಅವರೇ ಕೇಳಲಿ ಅಂತ ಕಾಯುವುದು'. ಜನ ಏನು ಮಾಡುತ್ತಿದ್ದಾರೆ ಅನ್ನುವುದು ಲೇಬಲ್‌ನಲ್ಲಿ ಕಾಣಬೇಕು. ಆಮೇಲೆ ಒಂದನ್ನು ಇನ್ನೊಂದರ ಪಕ್ಕ ಇಟ್ಟು ಹೋಲಿಸುತ್ತಾ ಹೋಗಬೇಕು. ಹೊಸದಾಗಿ ಸೇರಿದ್ದ ಒಬ್ಬರು ಕೂಡ ಓದಿಯೂ ಏನೂ ಬರೆಯದೆ ಸುಮ್ಮನಿದ್ದರು, ಆದರೆ ಅವರ ಕಾರಣ ಬೇರೆ: ಅರ್ಥವಾಗಿಲ್ಲ ಅಂತ ತೋರಿಸಿಕೊಳ್ಳಲು ಹಿಂಜರಿಕೆ. ಇನ್ನೊಬ್ಬರು ಟೆಸ್ಟ್ ಓಡಿ ಮುಗಿಯಲಿ ಅಂತ ಕಾಯುತ್ತಿದ್ದರು, ಅಷ್ಟೇ. ಹೊರಗಿನಿಂದ ನೋಡಿದರೆ ಮೂರೂ ಒಂದೇ ಮೌನ. ಹೀಗೆ ಹೋಲಿಸುವಾಗ ತಲೆಗೆ ಬಂದದ್ದನ್ನೆಲ್ಲ ಆಗಲೇ ಟಿಪ್ಪಣಿ ಮಾಡಿಕೊಳ್ಳುತ್ತಿದ್ದೆ. ಕೊನೆಯ ವರದಿಯಲ್ಲಿ ನನಗೆ ಮೆಚ್ಚುಗೆಯಾದ ಭಾಗಗಳೆಲ್ಲ ಆ ಟಿಪ್ಪಣಿಗಳಿಂದಲೇ ಬಂದವು.

ಮುಂದೆ ಯಾರನ್ನು ಮಾತಾಡಿಸಬೇಕು ಅನ್ನುವುದನ್ನೂ ಇದೇ ನಿರ್ಧರಿಸುತ್ತದೆ. ಸೀನಿಯರ್ ಅನ್ನುವ ಕಾರಣಕ್ಕೆ ಜನ ಸುಮ್ಮನಿರುತ್ತಾರೆ ಅಂತಾದರೆ, ಹಾಗೆ ಸುಮ್ಮನಿರದ ತಂಡವನ್ನು ಹುಡುಕಬೇಕು. ಹುಡುಕಿದೆ, ಸಿಕ್ಕಿತು. ಅಲ್ಲಿ ಕೋಡ್ ಬರೆಯುವ ಮುಂಚೆ ಒಂದು ಪುಟದ ಡಿಸೈನ್ ಟಿಪ್ಪಣಿ ಬರೆದು ಎಲ್ಲರೂ ಕೂತು ಮಾತಾಡುತ್ತಿದ್ದರು. ತಕರಾರೆಲ್ಲ ಅಲ್ಲೇ ಮುಗಿಯುತ್ತಿತ್ತು. ಸೀನಿಯರ್-ಜೂನಿಯರ್ ಅಂತರ ಅಲ್ಲೂ ಇತ್ತು, ಆದರೆ ಅದು ರಿವ್ಯೂವರೆಗೆ ಬರುತ್ತಿರಲಿಲ್ಲ. ನನ್ನ ವಿವರಣೆ ಆವತ್ತು ಬದಲಾಯಿತು. ತೊಡಕು ಬರೀ ಸೀನಿಯಾರಿಟಿಯಲ್ಲಿ ಇರಲಿಲ್ಲ. ಡಿಸೈನ್ ಬಗ್ಗೆ ಭಿನ್ನಾಭಿಪ್ರಾಯ ಹೇಳಲು ಬೇರೆ ಜಾಗ ಇಲ್ಲದಿದ್ದಾಗ ಅದೆಲ್ಲ ರಿವ್ಯೂ ಮೇಲೆ ಬಂದು ಬೀಳುತ್ತದೆ. ವಿವರಣೆಗೆ ಒಗ್ಗದ ಇಂಥ ತಂಡವನ್ನು ಬೇಕೆಂದೇ ಹುಡುಕಿಕೊಂಡು ಹೋಗುವುದನ್ನು ನಮ್ಮ ಕ್ಷೇತ್ರದ ಅಧ್ಯಯನಗಳಲ್ಲಿ ಇನ್ನೂ ಜಾಸ್ತಿ ನೋಡಬೇಕು ಅಂತ ನನಗೆ ಆಸೆ.

ಲೇಬಲ್‌ಗಳೆಲ್ಲ ನಿಮ್ಮ ಊಹೆ ತಾನೇ ಅಂತ ಎಂಜಿನಿಯರ್‌ಗಳು ಕೇಳೇ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಲೇಬಲ್‌ಗಳು ಒಂದು ಹದಕ್ಕೆ ಬಂದ ಮೇಲೆ ಪ್ರತಿಯೊಂದಕ್ಕೂ ವಿವರಣೆ ಬರೆದು, ಒಂದಷ್ಟು ಭಾಗವನ್ನು ಸಹೋದ್ಯೋಗಿಯೊಬ್ಬರಿಗೆ ಕೊಟ್ಟೆ. ನನ್ನದನ್ನು ತೋರಿಸಲಿಲ್ಲ. ಇಬ್ಬರದೂ ಎಷ್ಟು ಹೊಂದುತ್ತದೆ ಅಂತ ನೋಡಲು ಮನೋವಿಜ್ಞಾನಿ ಜೇಕಬ್ ಕೋಹೆನ್ 1960ರಲ್ಲಿ ಕೊಟ್ಟ ಕಪ್ಪಾ ಅನ್ನುವ ಅಳತೆ ಇದೆ, ಆಕಸ್ಮಿಕವಾಗಿ ಹೊಂದಬಹುದಾದದ್ದನ್ನು ಕಳೆದು ಲೆಕ್ಕ ಹಾಕುವುದು. ಬರೀ ಶೇಕಡಾವಾರು ಯಾಕೆ ಸಾಲದು ಅಂದರೆ, ಉದಾಹರಣೆಗೆ ಒಂದು ಲೇಬಲ್ ಬಗ್ಗೆ 100 ತುಣುಕುಗಳಲ್ಲಿ ಇಬ್ಬರೂ ತಂತಮ್ಮ ಲೆಕ್ಕದಲ್ಲಿ 80ಕ್ಕೆ 'ಇಲ್ಲ', 20ಕ್ಕೆ 'ಇದೆ' ಅಂದರು ಅಂತಿಟ್ಟುಕೊಳ್ಳಿ. ಇದೇ ಪ್ರಮಾಣದಲ್ಲಿ ಕಣ್ಣು ಮುಚ್ಚಿ ಹಚ್ಚಿದ್ದರೂ ಸರಾಸರಿ 68 ಕಡೆ ಹೊಂದುತ್ತಿತ್ತು. ನಿಜವಾಗಿ ಹೊಂದಿದ್ದು 80 ಆದರೆ ಕಪ್ಪಾ 0.375 ಮಾತ್ರ. 80 ಅಂತ ಕೇಳಿದಾಗ ಬರುವ ಸಮಾಧಾನ ಇಲ್ಲಿ ಬರುವುದಿಲ್ಲ. ಆದರೂ ಆ ಅಂಕಿಗಿಂತ ನನಗೆ ಉಪಯೋಗಕ್ಕೆ ಬಂದದ್ದು ಹೊಂದದೇ ಹೋದ ತುಣುಕುಗಳ ಮೇಲೆ ನಾವಿಬ್ಬರೂ ಮಾಡಿದ ಚರ್ಚೆ. ಲೇಬಲ್‌ಗಳ ವಿವರಣೆ ಬಿಗಿಯಾದದ್ದು ಅದರಿಂದಲೇ.

ಪ್ರಶ್ನಾವಳಿಯನ್ನು ಕೊನೆಗೆ ಇಟ್ಟುಕೊಂಡೆ. ಸಂದರ್ಶನ ಆಗದೆ ಏನು ಕೇಳಬೇಕು ಅಂತಲೇ ಗೊತ್ತಿರುವುದಿಲ್ಲ. ಕಳಿಸುವ ಮುಂಚೆ ಕೆಲವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಓದುತ್ತಾ ಮನಸ್ಸಿಗೆ ಬಂದದ್ದನ್ನು ಗಟ್ಟಿಯಾಗಿ ಹೇಳಿ ಅಂದೆ. 'ರಿವ್ಯೂ ವೇಗವಾಗಿ ಮತ್ತು ಚೆನ್ನಾಗಿ ನಡೆಯುತ್ತದೆಯೇ' ಅನ್ನುವುದು ಎರಡು ಪ್ರಶ್ನೆ ಅಂತ ಹೀಗೆ ಕಣ್ಣಿಗೆ ಬೀಳುತ್ತದೆ. 'ಆಗಾಗ' ಅಂದರೆ ಒಬ್ಬೊಬ್ಬರಿಗೆ ಒಂದೊಂದು, ಅದಕ್ಕೇ 'ಕಳೆದ 2 ವಾರಗಳಲ್ಲಿ' ಅಂತ ಮಾಡಿದೆ. 'ಪೂರ್ತಿ ಒಪ್ಪುತ್ತೇನೆ'ಯಿಂದ 'ಒಪ್ಪುವುದೇ ಇಲ್ಲ'ದವರೆಗಿನ ಉತ್ತರಗಳಿಗೆ ಸರಾಸರಿ ತೆಗೆಯಲಿಲ್ಲ. ಆ ಮೆಟ್ಟಿಲುಗಳ ನಡುವಿನ ಅಂತರ ಒಂದೇ ಸಮ ಅಂತ ಹೇಳುವವರು ಯಾರು? ಯಾವ ಮೆಟ್ಟಿಲಿನಲ್ಲಿ ಎಷ್ಟು ಜನ ಅನ್ನುವುದನ್ನೇ ತೋರಿಸಿದೆ.

ಗೋಪ್ಯತೆಯ ವಿಷಯಕ್ಕೆ ಬಂದರೆ, ಹೆಸರು ತೆಗೆದರೆ ಸಾಲದು. ಕೋಡ್ ಎಲ್ಲರಿಗೂ ಕಾಣುವ ಮುಕ್ತ ಪ್ರಾಜೆಕ್ಟ್‌ನ ಕಾಮೆಂಟ್ ಒಂದನ್ನು ಅಕ್ಷರಶಃ ಎತ್ತಿ ಹಾಕಿದರೆ ಸರ್ಚ್ ಮಾಡಿ ಬರೆದವರನ್ನು ಹಿಡಿಯಬಹುದು. ಪ್ರತಿ ಬದಲಾವಣೆಗೂ ಇರುವ ವಿಶಿಷ್ಟ ಗುರುತು, ಕಮಿಟ್ ಹ್ಯಾಶ್, ಕೊಟ್ಟರಂತೂ ಹೆಸರೇ ಕೊಟ್ಟ ಹಾಗೆ. ಅದಕ್ಕೆ ಅಂಥ ಮಾತುಗಳನ್ನು ನನ್ನ ಮಾತಲ್ಲೇ ಬರೆದೆ. ರೆಕಾರ್ಡರ್ ಆಫ್ ಮಾಡಿದ ಮೇಲೆ ಜನ ಹೇಳುವುದೇ ಎಷ್ಟೋ ಸಲ ಮುಖ್ಯವಾಗಿರುತ್ತದೆ. ಅದನ್ನು ಬಳಸಲು ಮತ್ತೆ ಒಪ್ಪಿಗೆ ಕೇಳಿದೆ, ಬೇಡ ಅಂದವರ ಮಾತು ಬಿಟ್ಟೆ. ಯಾರು ಏನು ಹೇಳಿದರು ಅಂತ ಮ್ಯಾನೇಜರ್‌ಗಳಿಗೆ ಕೊಡುವುದಿಲ್ಲ ಅಂತ ಶುರುವಿನಲ್ಲೇ ಬರೆದುಕೊಟ್ಟಿದ್ದೆ. 2021ರಲ್ಲಿ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್‌ನಲ್ಲಿ ನಡೆದದ್ದು ಈ ಕೆಲಸ ಮಾಡುವವರೆಲ್ಲ ತಿಳಿದಿರಬೇಕಾದದ್ದು. ಸಂಶೋಧನೆಗೆಂದು ಬೇಕಂತಲೇ ದೋಷವಿರುವ ಪ್ಯಾಚ್‌ಗಳನ್ನು, ಅಂದರೆ ಕೋಡ್ ಬದಲಾವಣೆಗಳನ್ನು, ನಿರ್ವಾಹಕರಿಗೆ ಮುಂಚೆ ತಿಳಿಸದೆ, ಅಮೆರಿಕದ ಒಂದು ವಿಶ್ವವಿದ್ಯಾಲಯದವರು ಕಳಿಸಿದ್ದು ದೊಡ್ಡ ವಿವಾದವಾಗಿ, ಆ ವಿಶ್ವವಿದ್ಯಾಲಯದ ಕೊಡುಗೆಗಳನ್ನೇ ಕರ್ನಲ್‌ನವರು ತಡೆಹಿಡಿದರು. ಪ್ಯಾಚ್ ನೋಡುವವರೂ ಮನುಷ್ಯರು, ಅವರ ಸಮಯ ಅವರದು.

"ಇಷ್ಟೇ ಜನರಾ?" ಅಂತ ಕೇಳುವವರಿಗೆ ನನ್ನ ಉತ್ತರ ಇಷ್ಟು. ಎಷ್ಟು ಶೇಕಡಾ ಜನ ಹೀಗಿದ್ದಾರೆ ಅಂತ ಹೇಳಲು ಸಂದರ್ಶನ ಮಾಡಿದ್ದಲ್ಲ. ಹೊಸಬರನ್ನು ಮಾತಾಡಿಸಿದರೂ ಹೊಸ ಎಳೆ ಬರದೇ ಹೋದಾಗ ನಿಲ್ಲಿಸಿದೆ. ಆಮೇಲೆ ಮತ್ತೆ ಲಾಗ್‌ಗೆ ಹೋದೆ. ಸೀನಿಯರ್ ಕಳಿಸಿ ಜೂನಿಯರ್ ನೋಡಬೇಕಾದ ಪುಟ್ಟ ಬದಲಾವಣೆಗಳನ್ನು ಬೇರೆ ಮಾಡಿ ನೋಡಿದರೆ, ಮೊದಲ ಕಾಮೆಂಟ್‌ಗೆ ಮುಂಚಿನ ಕಾಯುವಿಕೆ ಅಲ್ಲೇ ಉದ್ದ. ಡೇಟಾ ಮುಂಚಿನದೇ. ಹೀಗೆ ಬೇರೆ ಮಾಡಿ ನೋಡಬೇಕು ಅಂತ ಹೇಳಿಕೊಟ್ಟದ್ದು ಸಂದರ್ಶನ.

ಬಂದದ್ದನ್ನು ಮಾತಾಡಿದವರ ಮುಂದೆಯೇ ಇಟ್ಟೆ. ಒಂದು ತಂಡ 'ಓದಿದ್ದೇನೆ, ಮಾತಾಡಬೇಕು' ಅನ್ನುವ ಗುರುತನ್ನು ರಿವ್ಯೂ ಟೂಲ್‌ಗೆ ಸೇರಿಸಿಕೊಂಡಿತು. ಅದನ್ನು ಯಾರು ಹಾಕುತ್ತಾರೆ, ಯಾರು ಹಾಕಲು ಹಿಂಜರಿಯುತ್ತಾರೆ ಅಂತ ತಿಳಿಯಲು ಈಗ ಅವರಲ್ಲಿ ಕೆಲವರನ್ನು ಮತ್ತೆ ಮಾತಾಡಿಸುತ್ತಿದ್ದೇನೆ.