ಮೊದಲು ಅರ್ಜಿ ಹಾಳೆ ನೋಡಿ, ಆಮೇಲೆ ಕ್ಲಾಸಿಗೆ ಸೇರಿ: ಕ್ಯಾಲಿಫೋರ್ನಿಯಾದಲ್ಲಿ ನರ್ಸಿಂಗ್ ಓದಲು ಹೊರಟ ಕನ್ನಡಿಗರಿಗೆ

ಫ್ರೀಮಾಂಟ್, ಸ್ಯಾನ್ ಹೋಸೆ, ಕ್ಯುಪರ್ಟಿನೋ ಕಡೆ ಬಂದು ನೆಲೆಸಿ, ಮಕ್ಕಳು ಶಾಲೆಗೆ ಹೋಗಲು ಶುರು ಮಾಡಿದ ಮೇಲೆ ನಮ್ಮಲ್ಲಿ ಬಹಳ ಮಂದಿಯ ಕಣ್ಣು ಕಮ್ಯುನಿಟಿ ಕಾಲೇಜಿನ (ಕಡಿಮೆ ಶುಲ್ಕದ ಸರ್ಕಾರಿ ಕಾಲೇಜು) ನರ್ಸಿಂಗ್ ಮೇಲೆ ಬೀಳುತ್ತದೆ. ಒಳ್ಳೆಯ ಯೋಚನೆಯೇ. ಎರಡು ವರ್ಷದ ಅಸೋಸಿಯೇಟ್ ಪದವಿಯವರೂ ನಾಲ್ಕು ವರ್ಷದ ಬಿಎಸ್‌ಎನ್ ಪದವಿಯವರೂ ಬರೆಯುವುದು ಒಂದೇ ಎನ್‌ಕ್ಲೆಕ್ಸ್ ಎಂಬ ಲೈಸೆನ್ಸ್ ಪರೀಕ್ಷೆ, ಪಡೆಯುವುದು ಒಂದೇ ಆರ್‌ಎನ್ (ನೋಂದಾಯಿತ ನರ್ಸ್) ಲೈಸೆನ್ಸ್. ರಾಜ್ಯದ ನಿವಾಸಿಗಳಿಗೆ ಸೆಮಿಸ್ಟರ್ ಯೂನಿಟ್ಟಿಗೆ (ಓದಿನ ಪ್ರಮಾಣ ಅಳೆಯುವ ಲೆಕ್ಕ) 46 ಡಾಲರ್ ಶುಲ್ಕ. ಆದರೆ ‘ಎರಡು ವರ್ಷದ ಕೋರ್ಸು’ ಎಂಬ ಮಾತನ್ನು ಹಿಡಿದು ಲೆಕ್ಕ ಹಾಕಬೇಡಿ. ಅದಕ್ಕೂ ಮೊದಲು ಮುಗಿಸಬೇಕಾದ ಪ್ರಿರಿಕ್ವಿಸಿಟ್ ವಿಷಯಗಳಿಗೆ ಒಂದೂವರೆ ಎರಡು ವರ್ಷ ಬೇಕು, ಸೀಟಿಗೆ ಕಾಯುವುದು ಬೇರೆ. ನಾಲ್ಕು ವರ್ಷ ಅಂತ ಮನೆಯಲ್ಲಿ ಮೊದಲೇ ಮಾತಾಡಿಕೊಳ್ಳಿ. ಎರಡೇ ವರ್ಷ ಎಂದು ಹೇಳಿ ಶುರು ಮಾಡಿದ ಮನೆಗಳಲ್ಲಿ ಮೂರನೆಯ ವರ್ಷ ಎಲ್ಲರ ತಾಳ್ಮೆಯೂ ಮುಗಿದಿರುತ್ತದೆ.

ಊರಲ್ಲೇ ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಅಥವಾ ಬಿ.ಎಸ್‌ಸಿ ನರ್ಸಿಂಗ್ ಮುಗಿಸಿದವರು ಮಾತ್ರ ಈ ದಾರಿಗೆ ಬರಬೇಡಿ. ನೀವು ನೇರವಾಗಿ ರಾಜ್ಯದ ನರ್ಸಿಂಗ್ ಬೋರ್ಡಿಗೆ ಅರ್ಜಿ ಹಾಕಿ. ರಾಜೀವ್ ಗಾಂಧಿ ವಿಶ್ವವಿದ್ಯಾಲಯದಿಂದಲೋ ಡಿಪ್ಲೊಮಾ ಪರೀಕ್ಷಾ ಮಂಡಳಿಯಿಂದಲೋ ದಾಖಲೆ ತರಿಸಿ. ಯಾವುದಾದರೂ ವಿಭಾಗದಲ್ಲಿ ಕೊರತೆ ಇದೆ ಎಂದು ಬೋರ್ಡ್ ಹೇಳಿದರೆ ಅಷ್ಟನ್ನು ಮಾತ್ರ ಇಲ್ಲಿ ಓದಿದರಾಯಿತು. ಗೊತ್ತಿಲ್ಲದೆ ಮೊದಲಿನಿಂದ ಶುರು ಮಾಡಿ ನಾಲ್ಕು ವರ್ಷ ಕಳೆದುಕೊಳ್ಳುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಇನ್ನು ಹೊಸದಾಗಿ ಓದುವವರ ವಿಚಾರ. ನಾವೆಲ್ಲ ಮಾಡುವ ದೊಡ್ಡ ತಪ್ಪು ಒಂದೇ: ‘ಮೊದಲು ಸೇರಿಬಿಡೋಣ, ಆಮೇಲೆ ನೋಡಿಕೊಳ್ಳೋಣ’ ಅನ್ನುವುದು. ಮನೆಗೆ ಹತ್ತಿರದ ಕಾಲೇಜಿನಲ್ಲಿ ಯಾವುದೋ ಬಯಾಲಜಿ ಕ್ಲಾಸಿಗೆ ಸೇರಿ, ಅದು ಮುಗಿದ ಮೇಲೆ ತಾವು ಬಯಸಿದ ನರ್ಸಿಂಗ್ ವಿಭಾಗ ಅದನ್ನು ಒಪ್ಪುವುದಿಲ್ಲ ಎಂದು ಗೊತ್ತಾಗುತ್ತದೆ. ಪ್ರತಿ ಕಾಲೇಜಿನ ನಿಯಮವೂ ಬೇರೆ. ಒಂದು ಕಡೆ ಅನಾಟಮಿ, ಫಿಸಿಯಾಲಜಿ ಬೇರೆ ಬೇರೆ ಬೇಕು, ಇನ್ನೊಂದು ಕಡೆ ಎರಡೂ ಸೇರಿದ ಕೋರ್ಸು ನಡೆಯುತ್ತದೆ. ವಿಜ್ಞಾನ ವಿಷಯಗಳು ಐದೋ ಏಳೋ ವರ್ಷದೊಳಗೆ ಓದಿದ್ದಾಗಿರಬೇಕು ಅನ್ನುವ ಕಾಲೇಜುಗಳಿವೆ. ಒಂದೇ ವಿಷಯವನ್ನು ಎಷ್ಟು ಸಲ ಮತ್ತೆ ತೆಗೆದುಕೊಂಡಿದ್ದೀರಿ ಎಂದು ಎಣಿಸುವ ಕಾಲೇಜುಗಳೂ ಇವೆ. ಆದ್ದರಿಂದ ಒಂದು ಶನಿವಾರ ಕುಳಿತು ಡಿ ಆನ್ಸಾ, ಓಲೋನಿ, ಎವರ್‌ಗ್ರೀನ್ ವ್ಯಾಲಿ, ಚಾಬೋ, ಹೀಗೆ ನೀವು ಓಡಾಡಬಹುದಾದ ನಾಲ್ಕು ಕಾಲೇಜುಗಳ ನರ್ಸಿಂಗ್ ಅರ್ಜಿ ಹಾಳೆಗಳನ್ನು ಮುದ್ರಿಸಿ ಪಕ್ಕಪಕ್ಕ ಇಟ್ಟುಕೊಳ್ಳಿ. ನಾಲ್ಕೂ ಒಪ್ಪುವ ವಿಷಯಗಳಿಗೆ ಬಣ್ಣದ ಗೆರೆ ಎಳೆಯಿರಿ. ಅವನ್ನೇ ಮೊದಲು ಓದಿ. ರಾಜ್ಯದ ಲೆಕ್ಕದಲ್ಲಿ ಲೈಸೆನ್ಸಿಗೆ ಕನಿಷ್ಠ 58 ಸೆಮಿಸ್ಟರ್ ಯೂನಿಟ್ ಬೇಕು: ನರ್ಸಿಂಗ್ 36, ಅದರಲ್ಲಿ ಪಾಠ 18, ಕ್ಲಿನಿಕಲ್ (ಆಸ್ಪತ್ರೆಯಲ್ಲಿ ರೋಗಿಗಳ ಜೊತೆಗಿನ ಅಭ್ಯಾಸ) 18, ವಿಜ್ಞಾನ 16, ಭಾಷೆ ಮತ್ತು ಸಂವಹನ 6. ಹಾಳೆ ಓದುವಾಗ ಈ ವಿಂಗಡಣೆ ತಲೆಯಲ್ಲಿರಲಿ. ಅನೇಕ ಕಡೆ ಕೆಮಿಸ್ಟ್ರಿ ಮುಗಿಯದೆ ಫಿಸಿಯಾಲಜಿಗೆ ಬಿಡುವುದಿಲ್ಲ. ಸರಪಳಿಯ ಒಂದು ಕೊಂಡಿ ತಪ್ಪಿದರೆ ಒಂದು ಸೆಮಿಸ್ಟರ್ ಹೋಯಿತೆಂದೇ ಅರ್ಥ.

ಊರಿನ ಪದವಿ ವ್ಯರ್ಥವೇ? ಅಲ್ಲ. ವಿದೇಶಿ ಪದವಿಗಳ ಮೌಲ್ಯಮಾಪನ ಸಂಸ್ಥೆಯಿಂದ ವಿಷಯವಾರು ವರದಿ ಮಾಡಿಸಿದರೆ ನಿಮ್ಮ ಬಿ.ಕಾಂ, ಬಿ.ಇ, ಬಿ.ಎಸ್‌ಸಿಗಳಿಂದ ಸಾಮಾನ್ಯ ವಿಷಯಗಳ ಹೊರೆ ಇಳಿಯಬಹುದು, ಹಿಂದಿನ ಪದವಿಗೆ ಪ್ರವೇಶದಲ್ಲಿ ಅಂಕವೂ ಸಿಗಬಹುದು. ಆದರೆ ಲ್ಯಾಬ್ ಇರುವ ವಿಜ್ಞಾನವನ್ನೂ ಇಂಗ್ಲಿಷ್ ಪ್ರಬಂಧದ ಕೋರ್ಸನ್ನೂ ಇಲ್ಲೇ ಓದಬೇಕಾಗುತ್ತದೆ ಎಂದು ಮನಸ್ಸು ಗಟ್ಟಿ ಮಾಡಿಕೊಂಡೇ ಬನ್ನಿ. ಹತ್ತೊಂಬತ್ತು ವರ್ಷದ ಮಕ್ಕಳ ಪಕ್ಕ ಕುಳಿತು ಪ್ರಬಂಧ ಬರೆಯುವುದರಲ್ಲಿ ಅವಮಾನ ಏನೂ ಇಲ್ಲ.

ಅರವತ್ತು ದಾಟಿದರೆ ಫಸ್ಟ್ ಕ್ಲಾಸ್ ಎಂಬ ನಮ್ಮ ಲೆಕ್ಕವನ್ನು ಊರಲ್ಲೇ ಬಿಟ್ಟು ಬನ್ನಿ. ಇಲ್ಲಿ ‘ಎ’ ದರ್ಜೆಗೆ ಸಾಮಾನ್ಯವಾಗಿ 90 ಬೇಕು, ಮತ್ತು ಸ್ಪರ್ಧೆಯಲ್ಲಿ ಎದ್ದು ಕಾಣುವುದು ಅನಾಟಮಿ, ಫಿಸಿಯಾಲಜಿ, ಮೈಕ್ರೋಬಯಾಲಜಿಯ ಗ್ರೇಡು. ಅನಾಟಮಿಯಲ್ಲಿ ಜನ ಸೋಲುವುದು ಪುಸ್ತಕದಲ್ಲಲ್ಲ, ಲ್ಯಾಬಿನಲ್ಲಿ. ಮೇಜಿನ ಮೇಲೆ ಒಂದು ಎಲುಬು ಇರುತ್ತದೆ, ಅದರ ಒಂದು ತಗ್ಗಿಗೆ ಪಿನ್ ಚುಚ್ಚಿರುತ್ತಾರೆ, ಒಂದು ನಿಮಿಷದೊಳಗೆ ಎಡವೋ ಬಲವೋ ಹೇಳಿ, ಹೆಸರನ್ನು ಅಕ್ಷರ ತಪ್ಪದೆ ಬರೆಯಬೇಕು. ಚಿತ್ರ ನೋಡಿ ಕಲಿತವರಿಗೆ ಎಲುಬನ್ನು ತಿರುಗಿಸಿಟ್ಟರೆ ಗುರುತೇ ಸಿಗುವುದಿಲ್ಲ. ಲ್ಯಾಬ್ ತೆರೆದಿರುವ ಹೆಚ್ಚುವರಿ ಗಂಟೆಗಳಿಗೆ ಹೋಗಿ, ಮಾದರಿಗಳನ್ನು ಕೈಯಲ್ಲಿ ಹಿಡಿದು ಕಲಿಯಿರಿ.

ಟೀಸ್ ಪ್ರವೇಶ ಪರೀಕ್ಷೆಯಲ್ಲಿ 170 ಪ್ರಶ್ನೆ, 209 ನಿಮಿಷ. ಓದು 45, ಗಣಿತ 38, ವಿಜ್ಞಾನ 50, ಇಂಗ್ಲಿಷ್ 37. ಇಲ್ಲಿನ ಕಮ್ಯುನಿಟಿ ಕಾಲೇಜುಗಳಿಗೆ ಒಟ್ಟಾರೆ ಶೇ. 62 ಬೇಕು. ನಮ್ಮವರು ಗಣಿತಕ್ಕೆ ಹೆದರಿ ಅದನ್ನೇ ತಿದ್ದುತ್ತ ಕೂರುತ್ತಾರೆ, ಏಟು ಬೀಳುವುದು ಓದಿನ ಭಾಗದಲ್ಲಿ. 55 ನಿಮಿಷಕ್ಕೆ 45 ಪ್ರಶ್ನೆ, ‘ಲೇಖಕರ ಉದ್ದೇಶ ಏನು’ ಎಂಬಂಥವು. ದಿನಕ್ಕೆ ಎರಡು ತುಣುಕು ಗಡಿಯಾರ ಇಟ್ಟುಕೊಂಡು ಓದಿ. ಫಿಸಿಯಾಲಜಿ ಮುಗಿದ ಕೂಡಲೇ ಪರೀಕ್ಷೆ ಬರೆದರೆ ವಿಜ್ಞಾನದ ಭಾಗ ನೆನಪಿನಲ್ಲಿ ಹಸಿಯಾಗಿರುತ್ತದೆ. ಮತ್ತೆ ಬರೆಯಲು ಎಷ್ಟು ಅವಕಾಶ ಎಂಬುದನ್ನು ಮೊದಲೇ ಆ ಹಾಳೆಗಳಲ್ಲಿ ನೋಡಿಕೊಂಡಿರಿ.

ಪ್ರವೇಶದ ಅಂಕಗಳನ್ನು ಗ್ರೇಡು, ಟೀಸ್, ಹಿಂದಿನ ಪದವಿ, ಆರೋಗ್ಯ ಕ್ಷೇತ್ರದ ಅನುಭವ, ಜೀವನದ ಕಷ್ಟಗಳು ಇವನ್ನೆಲ್ಲ ಸೇರಿಸಿ ಹಾಕುವ ಪದ್ಧತಿ ಇಲ್ಲಿದೆ. ಆ ಪಟ್ಟಿಯಲ್ಲಿ ಇಂಗ್ಲಿಷ್ ಅಲ್ಲದ ಭಾಷೆಯ ಜ್ಞಾನವೂ ಇದೆ, ಭಾರತ ಉಪಖಂಡದ ಭಾಷೆಗಳೂ ಅದರಲ್ಲಿ ಸೇರಿವೆ. ಕನ್ನಡಕ್ಕೆ ಅಂಕ ಕೇಳಬಹುದು! ಎಷ್ಟೋ ಜನ ಆ ಖಾನೆಯನ್ನು ಖಾಲಿ ಬಿಡುತ್ತಾರೆ, ‘ನಮ್ಮ ಭಾಷೆಯನ್ನು ಇಲ್ಲಿ ಯಾರು ಕೇಳುತ್ತಾರೆ’ ಎಂದುಕೊಂಡು. ಕನ್ನಡ ಪ್ರಥಮ ಭಾಷೆಯಾಗಿದ್ದ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು ಪುರಾವೆಯಾಗಿ ನಡೆಯುತ್ತದೆಯೇ ಎಂದು ಸಲಹೆಗಾರರನ್ನು ಕೇಳಿ. ಮನೆಯಲ್ಲಿ ಮಕ್ಕಳು ಇಂಗ್ಲಿಷಿನಲ್ಲೇ ಉತ್ತರ ಕೊಡತೊಡಗಿದಾಗ ನಾವೂ ಇಂಗ್ಲಿಷಿಗೆ ಜಾರಿಬಿಡುತ್ತೇವಲ್ಲ, ಆಗ ಈ ಖಾನೆಯನ್ನು ನೆನೆಸಿಕೊಳ್ಳಿ. ನಾವು ಬೆಲೆ ಇಲ್ಲವೆಂದು ಬಿಟ್ಟದ್ದಕ್ಕೆ ಈ ಊರಿನ ಕಾಲೇಜುಗಳು ಬೆಲೆ ಕೊಡುತ್ತಿವೆ.

ಅನುಭವಕ್ಕೆ ಸಿಎನ್‌ಎ (ನರ್ಸಿಂಗ್ ಸಹಾಯಕರ) ತರಬೇತಿ ಒಳ್ಳೆಯದು. ಈ ರಾಜ್ಯದಲ್ಲಿ 160 ಗಂಟೆ: ಪಾಠ 60, ಕ್ಲಿನಿಕಲ್ 100. ಅಂಕ ಬರಲಿ ಬಿಡಲಿ, ಬೇರೆಯವರ ಮೈ ತೊಳೆಯುವುದು, ಮಲಮೂತ್ರ ಒರೆಸುವುದು, ಗಂಡಸೋ ಹೆಂಗಸೋ ನೋಡದೆ ಬಟ್ಟೆ ಬದಲಿಸುವುದು, ಸಸ್ಯಾಹಾರಿಯಾಗಿದ್ದೂ ದನದ ಮಾಂಸದ ಊಟವನ್ನು ರೋಗಿಗೆ ತಿನ್ನಿಸುವುದು ನಿಮ್ಮಿಂದ ಆಗುತ್ತದೆಯೇ ಎಂಬುದು ಅಲ್ಲಿ ತಿಳಿಯುತ್ತದೆ. ಆಗುವುದಿಲ್ಲ ಎಂದು ಎರಡನೇ ವರ್ಷದಲ್ಲಿ ತಿಳಿಯುವುದಕ್ಕಿಂತ ಆರು ವಾರದಲ್ಲಿ ತಿಳಿದರೆ ಒಳ್ಳೆಯದು.

ವೀಸಾ ವಿಚಾರ ಚುಟುಕಾಗಿ: ಎಚ್-1ಬಿ ನೌಕರರ ಸಂಗಾತಿಗೆ ಸಿಗುವ ಎಚ್-4ನಲ್ಲಿ ಓದಬಹುದು, ಇಎಡಿ (ಕೆಲಸದ ಅನುಮತಿ ಪತ್ರ) ಇಲ್ಲದೆ ಕೆಲಸ ಮಾಡುವಂತಿಲ್ಲ, ಒಂದು ವರ್ಷ ಒಂದು ದಿನ ಇಲ್ಲಿ ವಾಸವಿದ್ದು ದಾಖಲೆ ತೋರಿಸಿದರೆ ನಿವಾಸಿ ಶುಲ್ಕ ಸಿಗಬಹುದು, ಓದಿನ ಖರ್ಚಿಗೆ ಫೆಡರಲ್ ಸರ್ಕಾರದ ನೆರವಿಗೆ ಗ್ರೀನ್ ಕಾರ್ಡ್ ಬೇಕು. ನಿಧಾನವಾಗಿ ಯೋಚಿಸಬೇಕಾದದ್ದು ಇನ್ನೊಂದಿದೆ. ಮಧ್ಯದಲ್ಲಿ ಗಂಡನಿಗೋ ಹೆಂಡತಿಗೋ ಬೇರೆ ರಾಜ್ಯದಲ್ಲಿ ಕೆಲಸ ಸಿಕ್ಕಿದರೆ ನರ್ಸಿಂಗ್ ಕೋರ್ಸನ್ನು ಜೊತೆಗೆ ಒಯ್ಯುವುದು ಬಹಳ ಕಷ್ಟ. ಬೇರೆ ಕಾಲೇಜು ಅರ್ಧ ಓದಿದವರನ್ನು ನಡುವೆ ಸೇರಿಸಿಕೊಳ್ಳುವುದು ಅಪರೂಪ. ಸೀಟು ಒಪ್ಪಿಕೊಳ್ಳುವ ಮುನ್ನ ದಂಪತಿ ಕುಳಿತು ಮಾತಾಡಬೇಕಾದ ಮಾತು ಇದು.

ಸೀಟು ಸಿಕ್ಕ ಮೇಲೆ ಆರೋಗ್ಯದ ಕಾಗದಪತ್ರ. ಸಂಭ್ರಮದಲ್ಲಿ ಇದನ್ನು ಮುಂದಕ್ಕೆ ತಳ್ಳಿ, ಕ್ಲಿನಿಕಲ್ ಶುರುವಾಗುವ ವಾರದಲ್ಲಿ ಒದ್ದಾಡುತ್ತೇವೆ. ಹೆಪಟೈಟಿಸ್ ಬಿ ಲಸಿಕೆಯ ಸಾಮಾನ್ಯ ಕ್ರಮ ಮೂರು ಡೋಸು: ಇಂದು, ಒಂದು ತಿಂಗಳಿಗೆ, ಆರನೇ ತಿಂಗಳಿಗೆ. ಅದಾದ ಒಂದೆರಡು ತಿಂಗಳಿಗೆ ರೋಗನಿರೋಧಕ ಶಕ್ತಿ ಬಂದಿದೆಯೇ ಎಂದು ಅಳೆಯುವ ರಕ್ತದ ಟೈಟರ್ ಪರೀಕ್ಷೆ, 10ಕ್ಕಿಂತ ಕಡಿಮೆ ಬಂದರೆ ಮತ್ತೆ ಡೋಸು. ಒಟ್ಟು ಎಂಟು ತಿಂಗಳಾಯಿತು. ತಿಂಗಳ ಅಂತರದಲ್ಲಿ ಎರಡೇ ಡೋಸಿನಲ್ಲಿ ಮುಗಿಯುವ ಲಸಿಕೆಯೂ ಇದೆ, ವೈದ್ಯರನ್ನು ಕೇಳಿ. ಬಾಲ್ಯದ ಲಸಿಕೆ ಚೀಟಿ ಊರಲ್ಲಿ ಕಳೆದುಹೋಗಿದ್ದರೆ ದಡಾರ, ಸೀತಾಳೆಸಿಡುಬಿಗೂ ಟೈಟರ್ ಮಾಡಿಸಿ.

ಕ್ಷಯದ ಪರೀಕ್ಷೆಯಲ್ಲಿ ಎಚ್ಚರ. ಹುಟ್ಟಿದಾಗ ಕ್ಷಯದ ಲಸಿಕೆ ಬಿಸಿಜಿ ಹಾಕಿಸಿಕೊಂಡ ನಮಗೆ ಚರ್ಮದ ಪರೀಕ್ಷೆಯಲ್ಲಿ ರೋಗವಿಲ್ಲದೆಯೂ ಪಾಸಿಟಿವ್ ಬರಬಹುದು. ಕ್ವಾಂಟಿಫೆರಾನ್‌ನಂಥ ರಕ್ತಪರೀಕ್ಷೆ ಕೇಳಿ, ಅದಕ್ಕೆ ಬಿಸಿಜಿ ಅಡ್ಡ ಬರುವುದಿಲ್ಲ. ದಡಾರ ಅಥವಾ ಸೀತಾಳೆಸಿಡುಬಿನ ಲಸಿಕೆಯೂ ಬೇಕಿದ್ದರೆ ಆ ರಕ್ತವನ್ನು ಅದೇ ದಿನ ಕೊಡಿ, ಇಲ್ಲವಾದರೆ ಕನಿಷ್ಠ ನಾಲ್ಕು ವಾರ ಬಿಡಿ. ನಡುವೆ ಮಾಡಿಸಿದರೆ ಫಲಿತಾಂಶ ತಪ್ಪಬಹುದು. ಮೂತ್ರದಲ್ಲಿ ಮಾದಕ ವಸ್ತುವಿನ ಪರೀಕ್ಷೆಯೂ ಇರುತ್ತದೆ. ಅದಕ್ಕೆ ಮುಂಚೆ ಒಂದು ವಾರ ಗಸಗಸೆ ಪಾಯಸ, ಗಸಗಸೆ ಅರೆದು ಹಾಕಿದ ಸಾಗು ಬೇಡ. ಗಸಗಸೆಯ ಮೇಲೆ ಉಳಿಯುವ ಅಫೀಮಿನ ಅಂಶ ಪರೀಕ್ಷೆಯಲ್ಲಿ ನಿಜವಾಗಿ ಕಾಣಿಸಿಕೊಳ್ಳಬಲ್ಲದು. ಬಿಎಲ್‌ಎಸ್ (ಹೃದಯ, ಉಸಿರು ನಿಂತಾಗ ಜೀವ ಉಳಿಸುವ) ತರಬೇತಿಯನ್ನು ಬೊಂಬೆಯ ಎದೆ ಒತ್ತಿ ಕಲಿಯುವ ತರಗತಿಯಲ್ಲೇ ಮಾಡಿ, ಬರೀ ಆನ್‌ಲೈನ್ ಪ್ರಮಾಣಪತ್ರ ನಡೆಯುವುದಿಲ್ಲ.

ಹೆಸರು! ಮಾರ್ಕ್ಸ್ ಕಾರ್ಡಿನಲ್ಲಿ ‘ಲಕ್ಷ್ಮಿ ಎಚ್. ಎನ್.’, ಪಾಸ್‌ಪೋರ್ಟಿನಲ್ಲಿ ಊರು ಮತ್ತು ಅಪ್ಪನ ಹೆಸರು ಬಿಡಿಸಿ ಬರೆದದ್ದು, ಡ್ರೈವಿಂಗ್ ಲೈಸೆನ್ಸಿನಲ್ಲಿ ಗಂಡನ ಹೆಸರು. ಎನ್‌ಕ್ಲೆಕ್ಸ್ ಕೇಂದ್ರದ ಬಾಗಿಲಲ್ಲಿ ಪರೀಕ್ಷಾ ಅನುಮತಿಯ ಹೆಸರೂ ಗುರುತಿನ ಚೀಟಿಯ ಹೆಸರೂ ಹೊಂದದಿದ್ದರೆ ಒಳಗೆ ಬಿಡುವುದಿಲ್ಲ, 200 ಡಾಲರ್ ಶುಲ್ಕವೂ ಹೋಗುತ್ತದೆ. ಕಾಲೇಜಿಗೆ ಸೇರುವ ಮೊದಲ ದಿನದಿಂದಲೇ ಪಾಸ್‌ಪೋರ್ಟಿನ ಹೆಸರನ್ನೇ ಎಲ್ಲ ಕಡೆ ಬರೆಸಿ.

ತರಗತಿಯೊಳಗೆ ನಮ್ಮನ್ನು ಕೆಡವುವುದು ಬಾಯಿಪಾಠ. ನ್ಯುಮೋನಿಯಾದ ಲಕ್ಷಣ ಪಟ್ಟಿ ಮಾಡಿ ಎಂದು ಇಲ್ಲಿ ಕೇಳುವುದಿಲ್ಲ. ನಾಲ್ಕು ರೋಗಿಗಳಿದ್ದಾರೆ: ಶಸ್ತ್ರಚಿಕಿತ್ಸೆಯ ನೋವು ಹತ್ತಕ್ಕೆ ಎಂಟು ಎನ್ನುವವರು, ಸಕ್ಕರೆ 180 ಇರುವವರು, ಮನೆಗೆ ಹೋಗಲು ಕಾಯುತ್ತಿರುವವರು, ಇದ್ದಕ್ಕಿದ್ದಂತೆ ಚಡಪಡಿಸುತ್ತ ಗೊಂದಲದಲ್ಲಿ ಮಾತಾಡುತ್ತಿರುವವರು. ಮೊದಲು ಯಾರ ಬಳಿ ಹೋಗುತ್ತೀರಿ? ನೋವಿನವರ ಬಳಿ ಎಂದು ಮನಸ್ಸು ಹೇಳುತ್ತದೆ. ಉತ್ತರ ಕೊನೆಯವರು, ಏಕೆಂದರೆ ಚಡಪಡಿಕೆ ಮಿದುಳಿಗೆ ಆಮ್ಲಜನಕ ಸಾಲದ ಮೊದಲ ಸೂಚನೆಯಾಗಿರಬಹುದು. ದಿನಕ್ಕೆ ಇಂಥ ಇಪ್ಪತ್ತು ಪ್ರಶ್ನೆ ಬಿಡಿಸಿ, ಸರಿ ಉತ್ತರ ಏಕೆ ಸರಿ ಎಂಬುದರ ಜೊತೆಗೆ ಉಳಿದ ಮೂರು ಏಕೆ ತಪ್ಪು ಎಂದೂ ಬರೆಯಿರಿ. ಪಾಸಾಗಲು ಸಾಮಾನ್ಯವಾಗಿ 75 ಬೇಕು, 74.9 ಬಂದರೆ ಎಷ್ಟೋ ಕಡೆ 75 ಮಾಡುವುದಿಲ್ಲ.

ಔಷಧಿ ಲೆಕ್ಕದ ಪರೀಕ್ಷೆಯಲ್ಲಿ ನೂರಕ್ಕೆ ತೊಂಬತ್ತೋ ನೂರೋ ಬೇಕಾಗುತ್ತದೆ. ಲೆಕ್ಕ ಸುಲಭ, ಅಳತೆಯ ಮಾನ ಹೊಸದು. 2.2 ಪೌಂಡ್ ಒಂದು ಕಿಲೋ, 154 ಪೌಂಡಿನವರು 70 ಕಿಲೋ. ಔನ್ಸಿಗೆ 30 ಮಿಲಿಲೀಟರ್, ಟೀ ಚಮಚಕ್ಕೆ 5. 5.0 ಎಂದು ಬರೆಯಬೇಡಿ, ಚುಕ್ಕೆ ಮಾಸಿದರೆ 50 ಆಗುತ್ತದೆ. .5 ಎಂದೂ ಬರೆಯಬೇಡಿ, 0.5 ಎನ್ನಿ. ಲೆಕ್ಕದ ನಡುವೆ ಅಂಕಿಯನ್ನು ರೌಂಡ್ ಆಫ್ ಮಾಡದೆ ಕೊನೆಯಲ್ಲಿ ಒಮ್ಮೆ ಮಾತ್ರ ಮಾಡಿ.

ಕ್ಲಿನಿಕಲ್‌ನಲ್ಲಿ ನಮ್ಮ ವಿನಯವೇ ಅಪಾಯ. ಮೇಷ್ಟ್ರು ಹೇಳಿದಾಗ ಅರ್ಥವಾಗದಿದ್ದರೂ ತಲೆಯಾಡಿಸಿ ‘ಹೂಂ’ ಅನ್ನುವುದು ನಮಗೆ ಮರ್ಯಾದೆ. ಇಲ್ಲಿ ಅದು ರೋಗಿಯ ಜೀವಕ್ಕೆ ಸಂಬಂಧಿಸಿದ ಸುಳ್ಳು. ‘ನನಗೆ ಗೊತ್ತಿಲ್ಲ, ನೋಡಿಕೊಂಡು ಬಂದು ಹೇಳುತ್ತೇನೆ’ ಎನ್ನುವ ವಿದ್ಯಾರ್ಥಿಯನ್ನು ಯಾರೂ ಕೀಳಾಗಿ ಕಾಣುವುದಿಲ್ಲ. ನಮ್ಮ ತಲೆಯಾಡಿಸುವಿಕೆ ಹೌದೋ ಅಲ್ಲವೋ ಎಂದು ರೋಗಿಗೆ ತಿಳಿಯುವುದಿಲ್ಲ, ಬಾಯಿಬಿಟ್ಟು ಹೇಳಿ. ಫೋನಿನಲ್ಲಿ ಫಿಫ್ಟೀನ್ ಮತ್ತು ಫಿಫ್ಟಿ ಒಂದೇ ಥರ ಕೇಳುತ್ತವೆ, ‘ಒನ್ ಫೈವ್’ ಎಂದು ಬಿಡಿಸಿ ಹೇಳಿ. ಗಾಜಿನ ಬಳೆ ಬೇಡ. ತಾಳಿ ಸರ ಬಟ್ಟೆಯೊಳಗೆ ಇರಲಿ, ಅಥವಾ ಆ ದಿನ ದೇವರ ಮುಂದೆ ತೆಗೆದಿಟ್ಟು ಹೋಗಿ. ಸಮವಸ್ತ್ರವನ್ನು ಒಗ್ಗರಣೆಯ ವಾಸನೆ ತಾಗದ ಬೀರುವಿನಲ್ಲಿಡಿ, ಕೀಮೋ ಪಡೆಯುವವರಿಗೆ ಯಾವ ವಾಸನೆಯೂ ವಾಂತಿ ತರಿಸಬಹುದು.

ಬೆಳಿಗ್ಗೆ ಆರೂ ಮುಕ್ಕಾಲಿಗೆ ವಾರ್ಡಿನಲ್ಲಿರಬೇಕು, ಆಸ್ಪತ್ರೆ ಮೂವತ್ತು ಮೈಲಿ ಇರಬಹುದು. ಸ್ವಂತ ಕಾರು, ಹೆದ್ದಾರಿಯಲ್ಲಿ ಓಡಿಸುವ ಧೈರ್ಯ ಎರಡೂ ಮೊದಲೇ ಬೇಕು. ಅಪ್ಪ ಅಮ್ಮ ಆರು ತಿಂಗಳಿಗೆ ಬರುವುದಾದರೆ ಆಗಸ್ಟಿನ ಮೊದಲ ಸೆಮಿಸ್ಟರಿಗೆ ಹೊಂದಿಸಿ. ಆದರೆ ಅವರು ಕಾರು ಓಡಿಸುವುದಿಲ್ಲ, ಶಾಲೆಯಿಂದ ಮಕ್ಕಳನ್ನು ಕರೆತರಲು ನೆರೆಯವರೊಬ್ಬರನ್ನು ಗೊತ್ತು ಮಾಡಿಡಿ. ಗೌರಿ ಗಣೇಶ ಬರುವುದು ಸೆಮಿಸ್ಟರ್ ಶುರುವಿನಲ್ಲಿ, ದಸರಾ ಪರೀಕ್ಷೆಗಳ ನಡುವೆ. ಹಬ್ಬಕ್ಕೆಂದು ಕ್ಲಿನಿಕಲ್ ತಪ್ಪಿಸುವಂತಿಲ್ಲ. ಮಕ್ಕಳು ಎರಡು ವರ್ಷ ಕಡುಬಿಲ್ಲದ ಚೌತಿ ನೋಡುತ್ತಾರೆ. ಇನ್ನೂ ದೊಡ್ಡ ನೋವು ಬೇರೆ ಇದೆ: ಇಲ್ಲಿ ಯಾರದೋ ಅಮ್ಮನನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸುವ ಹೊತ್ತಿನಲ್ಲಿ ಹಾಸನದಲ್ಲೋ ದಾವಣಗೆರೆಯಲ್ಲೋ ನಮ್ಮ ಅಮ್ಮನನ್ನು ಸಂಬಳದವರು ನೋಡಿಕೊಳ್ಳುತ್ತಿರುತ್ತಾರೆ. ಅದಕ್ಕೆ ಸಮಾಧಾನದ ಮಾತು ನಮ್ಮ ಬಳಿ ಇಲ್ಲ.

ಒಂದು ದಿನ ನಿಮ್ಮ ವಾರ್ಡಿಗೆ ಮಗನ ಮನೆಗೆ ಬಂದು ಬಿದ್ದು ಸೊಂಟ ಮುರಿದುಕೊಂಡ ಕನ್ನಡದ ಅಜ್ಜಿಯೊಬ್ಬರು ಬರಬಹುದು. ಸಿಬ್ಬಂದಿ ನಿಮ್ಮ ಕಡೆ ತಿರುಗುತ್ತಾರೆ. ಶಸ್ತ್ರಚಿಕಿತ್ಸೆಯ ಒಪ್ಪಿಗೆಗೆ, ಔಷಧಿಯ ವಿವರಣೆಗೆ ನೀವು ಅನುವಾದ ಮಾಡಬೇಡಿ. ಅದಕ್ಕೆ ಅರ್ಹ ದುಭಾಷಿ ಬೇಕು, ಫೋನಿನಲ್ಲಿ ಕರೆಸಲು ಹೇಳಿ. ದುಭಾಷಿ ಫೋನಿಗೆ ಬರುವವರೆಗೆ ಹಾಸಿಗೆಯ ಪಕ್ಕ ಬಗ್ಗಿ ನಿಂತು, ಅವರ ಕಣ್ಣಿಗೆ ಕಾಣುವಂತೆ, ‘ಅಜ್ಜಿ, ಎಲ್ಲಿ ನೋಯ್ತಿದೆ? ಚಳಿ ಆಗ್ತಿದ್ಯಾ?’ ಎಂದು ಕೇಳಿ.